ಕ್ಯಾಮೆರಾದ ಯಾವ ಬಟನ್‌ಗೆ ಏನು ಕೊಡಬೇಕು?

ದಾವಣಗೆರೆ, ಚಿತ್ರದುರ್ಗದ ಸ್ಟುಡಿಯೊ ಹುಡುಗರು, ಒಳಗೆ ಕನ್ನಡಿ ಇರುವ ಹಳೆಯ ಬಗೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಬಿಟ್ಟು ಕನ್ನಡಿಯಿಲ್ಲದ ಮಿರರ್‌ಲೆಸ್‌ಗೆ ಬಂದವರು ಎಲ್ಲರೂ ಕೇಳುವುದು ಒಂದೇ: "ಸರ್, ನಿಮ್ಮ ಬಟನ್ ಸೆಟ್ಟಿಂಗ್ ಹೇಳಿ, ನಾನೂ ಹಾಗೇ ಹಾಕ್ಕೋತೀನಿ." ಬೇರೆಯವರ ಸೆಟ್ಟಿಂಗ್ ನಿಮ್ಮ ಕೈಗೆ ಕೂಡುವುದು ಕಷ್ಟ. ಹಂಚುವ ಲೆಕ್ಕ ಮಾತ್ರ ಎಲ್ಲರಿಗೂ ಒಂದೇ. ಕಣ್ಣು ವ್ಯೂಫೈಂಡರ್‌ನಲ್ಲಿದ್ದಾಗಲೇ ಯಾವುದನ್ನು ಬದಲಿಸಬೇಕಾಗುತ್ತದೋ ಅದಕ್ಕೆ ಬಟನ್ ಕೊಡಿ. ಕಣ್ಣು ತೆಗೆದು ನಿಧಾನವಾಗಿ ಮಾಡಬಹುದಾದದ್ದು ಮೆನುವಿನಲ್ಲೇ ಇರಲಿ. ಕಾರ್ಡ್ ಫಾರ್ಮ್ಯಾಟ್‌ಗೆ, ಫೋಟೊ ಸೈಜಿಗೆ ಬಟನ್ ಕೊಟ್ಟರೆ ಜಾಗ ದಂಡ.

ಮೊದಲು ಫೋಕಸ್. ಅದನ್ನು ಶಟರ್ ಬಟನ್‌ನಿಂದ ಬಿಡಿಸಿ ಹೆಬ್ಬೆರಳಿಗೆ ಕೊಡಿ. ಮೆನುವಿನಲ್ಲಿ ಎಎಫ್ ಎಂದರೆ ಆಟೋಫೋಕಸ್. ಸೋನಿಯಲ್ಲಿ 'ಎಎಫ್ ವಿತ್ ಶಟರ್' ಆಫ್ ಮಾಡಬೇಕು. ಕ್ಯಾನನ್‌ನಲ್ಲಿ ಬಟನ್ ಹಂಚುವ ಮೆನುಗೆ ಹೋಗಿ ಶಟರ್ ಅರ್ಧ ಒತ್ತಿದಾಗ 'ಮೀಟರಿಂಗ್ ಸ್ಟಾರ್ಟ್' ಮಾತ್ರ ಆಗುವಂತೆ ಇಡಬೇಕು. ನಿಕಾನ್‌ನಲ್ಲಿ 'ಎಎಫ್ ಆ್ಯಕ್ಟಿವೇಷನ್' ಅನ್ನು 'ಎಎಫ್-ಆನ್ ಓನ್ಲಿ' ಮಾಡಬೇಕು. ಫ್ಯೂಜಿಯಲ್ಲಿ 'ಶಟರ್ ಎಎಫ್' ಆಫ್. ಎಎಫ್-ಆನ್ ಬಟನ್ ಇಲ್ಲದ ಚಿಕ್ಕ ಬಾಡಿಗಳಲ್ಲಿ ಎಇಎಲ್ (ಎಕ್ಸ್‌ಪೋಶರ್ ಲಾಕ್) ಅಥವಾ ನಕ್ಷತ್ರದ ಗುರುತಿನ ಬಟನ್‌ಗೆ ಆ ಕೆಲಸ ಕೊಡಿ. ಜೊತೆಗೆ ಫೋಕಸ್ ಮೋಡನ್ನು ಎಎಫ್-ಸಿ (ಬಿಡದೆ ಫೋಕಸ್ ಮಾಡುತ್ತಲೇ ಇರುವುದು), ಕ್ಯಾನನ್ ಆದರೆ ಸರ್ವೊ, ಎಂದೇ ಇಟ್ಟುಬಿಡಿ.

ಎದುರಿನವರ ಕಣ್ಣನ್ನು ತಾನಾಗಿ ಗುರುತಿಸಿ ಫೋಕಸ್ ಹಿಡಿಯುವ ಕ್ಯಾಮೆರಾಗೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಮುಹೂರ್ತದ ಹೊತ್ತಿನಲ್ಲಿ ಉತ್ತರ ಸಿಗುತ್ತದೆ. ನಾಲ್ಕೂ ಕಡೆಯಿಂದ ಅಕ್ಕಿಕಾಳು ಬೀಳುತ್ತಿರುತ್ತದೆ, ಲೆನ್ಸಿನ ಮುಂದೆ ಯಾರದ್ದೋ ಕೈ ಬರುತ್ತದೆ, ಫೋಕಸ್ ಆ ಕೈಗೆ ಹಾರುತ್ತದೆ. ಹೆಬ್ಬೆರಳು ಎತ್ತಿದರೆ ಫೋಕಸ್ ವಧು-ವರರ ಮೇಲೆ ಇದ್ದಲ್ಲೇ ನಿಲ್ಲುತ್ತದೆ, ಶಟರ್ ಒತ್ತುತ್ತಲೇ ಇರಬಹುದು. ಆದರೆ ಲೆನ್ಸಿನ ಕಿಂಡಿ (ಅಪರ್ಚರ್) ತುಂಬ ತೆರೆದಿರುವ ಎಫ್/1.8ರಲ್ಲಿ ಹೀಗೆ ಮಾಡಬೇಡಿ, ಅವರು ತಲೆ ಬಗ್ಗಿಸಿದರೂ ಸಾಕು, ಕಣ್ಣು ಮಸುಕಾಗುತ್ತದೆ. ಎಫ್/4 ಆಸುಪಾಸಿನಲ್ಲಿರಲಿ. ಈ ಪದ್ಧತಿಯ ದೊಡ್ಡ ತೊಂದರೆ, ಕ್ಯಾಮೆರಾವನ್ನು ನೆಂಟರ ಕೈಗೆ ಕೊಟ್ಟಾಗ ಎಲ್ಲವೂ ಮಸುಕು ಬರುವುದು. ಅದಕ್ಕೆಂದೇ ಡಯಲ್‌ನಲ್ಲಿ ನಮ್ಮದೇ ಸೆಟ್ಟಿಂಗ್ ಉಳಿಸಿಡುವ ಒಂದು ಕಸ್ಟಮ್ ಜಾಗದಲ್ಲಿ ಶಟರ್‌ನಿಂದಲೇ ಫೋಕಸ್ ಆಗುವ ಸೆಟ್ಟಿಂಗ್ ಇಡಲು ನಿಮ್ಮ ಮಾಡೆಲ್‌ನಲ್ಲಿ ಆಗುತ್ತದೆಯೇ ನೋಡಿ.

ಎರಡನೆಯ ಬಟನ್ ಫೋಕಸ್ ಏರಿಯಾಗೆ, ಅಂದರೆ ಚೌಕಟ್ಟಿನ ಎಷ್ಟು ಭಾಗದಲ್ಲಿ ಫೋಕಸ್ ಹುಡುಕಬೇಕು ಎಂಬುದಕ್ಕೆ. ಕ್ಯಾಮೆರಾದಲ್ಲಿ ಏಳೆಂಟು ಬಗೆ ಇರುತ್ತವೆ, ಬೇಕಾಗುವುದು ಎರಡೇ: ಇಡೀ ಚೌಕಟ್ಟು ನೋಡುವ ವೈಡ್, ಚಿಕ್ಕ ಸ್ಪಾಟ್. 'ಫೋಕಸ್ ಏರಿಯಾ ಲಿಮಿಟ್' ಅಥವಾ 'ಲಿಮಿಟ್ ಎಎಫ್ ಏರಿಯಾ' ಎನ್ನುವಲ್ಲಿ ಉಳಿದದ್ದನ್ನೆಲ್ಲ ಟಿಕ್ ತೆಗೆದರೆ ಒಂದೇ ಒತ್ತಿಗೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮದಂಥ ಕುರುಚಲು ಕಾಡಿನಲ್ಲಿ ವೈಡ್ ಇಟ್ಟರೆ ಕ್ಯಾಮೆರಾ ಮುಂದಿನ ಹುಲ್ಲನ್ನೇ ಹಿಡಿಯುತ್ತದೆ. ಪೊದೆಯ ಸಂದಿನಿಂದ ಪ್ರಾಣಿಯ ಮುಖಕ್ಕೆ ಹೋಗಲು ಸ್ಪಾಟೇ ಬೇಕು. ಪ್ರಾಣಿ ಬಯಲಿಗೆ ಬಂದು ಓಡಿತೋ, ವೈಡ್ ಮತ್ತು ಪ್ರಾಣಿಯ ಕಣ್ಣಿನ ಡಿಟೆಕ್ಷನ್.

ಮದುವೆ ಫೋಟೊ ತೆಗೆಯುವವರಿಗೆ ಮೂರನೆಯ ಬಟನ್ ಬಿಡಲೇಬೇಡಿ ಎನ್ನುತ್ತೇನೆ. ರಿಸೆಪ್ಷನ್‌ನಲ್ಲಿ ಎಂ (ಎಲ್ಲವನ್ನೂ ಕೈಯಿಂದಲೇ ಇಡುವ) ಮೋಡ್, ಶಟರ್ 1/160 ಸೆಕೆಂಡ್, ಎಫ್/5.6, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400 ಇಟ್ಟು ಫ್ಲ್ಯಾಷ್ ಹಾಕಿದರೆ ವ್ಯೂಫೈಂಡರ್ ಕತ್ತಲಾಗುತ್ತದೆ. ಕ್ಯಾಮೆರಾ ಕೆಟ್ಟಿಲ್ಲ. ಫ್ಲ್ಯಾಷ್ ಇನ್ನೂ ಹೊಡೆದಿಲ್ಲವಾದ್ದರಿಂದ ಛತ್ರದ ಬೆಳಕಿನಲ್ಲಿ ಫೋಟೊ ಹೇಗೆ ಬರುತ್ತದೋ ಅದನ್ನೇ ತೋರಿಸುತ್ತಿದೆ. ಹಾಟ್‌ಶೂವಿನ (ಕ್ಯಾಮೆರಾದ ನೆತ್ತಿಯ ಮೇಲೆ ಫ್ಲ್ಯಾಷ್ ಕೂರಿಸುವ ಜಾಗ) ಮಧ್ಯದ ಒಂದೇ ಪಿನ್ ಬಳಸುವ ಅಗ್ಗದ ಟ್ರಿಗರ್‌ಗಳಲ್ಲಿ ಫ್ಲ್ಯಾಷ್ ಇರುವುದೇ ಕ್ಯಾಮೆರಾಗೆ ಗೊತ್ತಾಗುವುದಿಲ್ಲ, ಹಾಗಾಗಿ ತಾನಾಗಿ ಸರಿಹೋಗುವುದೂ ಇಲ್ಲ. ಸೋನಿಯಲ್ಲಿ 'ಲೈವ್ ವ್ಯೂ ಡಿಸ್‌ಪ್ಲೇ', ಕ್ಯಾನನ್‌ನಲ್ಲಿ 'ಎಕ್ಸ್‌ಪೋಶರ್ ಸಿಮ್ಯುಲೇಷನ್' ಎಂಬ ಸೆಟ್ಟಿಂಗನ್ನು ಬಟನ್‌ಗೆ ಹಾಕಿ, ಫ್ಲ್ಯಾಷ್ ಇದ್ದಾಗ ಆಫ್ ಮಾಡಿ. ಫ್ಲ್ಯಾಷ್ ತೆಗೆದ ಮೇಲೆ ಆನ್ ಮಾಡಲು ಮರೆತರೆ ಉಲ್ಟಾ ಆಗುತ್ತದೆ: ಪರದೆಯಲ್ಲಿ ಬೆಳ್ಳಗೆ, ಕಾರ್ಡಿನಲ್ಲಿ ಕತ್ತಲು.

ಸೈಲೆಂಟ್ ಶಟರ್‌ಗೂ ಒಂದು ಬಟನ್ ಮೀಸಲಿಡಿ, ಆದರೆ ಛತ್ರದಲ್ಲಿ ಅದನ್ನೇ ಖಾಯಂ ಇಡಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸದ್ದಿಲ್ಲದ ಈ ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುವುದರಿಂದ 1/250 ಇಟ್ಟರೆ ಫೋಟೊದಲ್ಲಿ ಅಡ್ಡ ಪಟ್ಟೆಗಳು ಬರುತ್ತವೆ. 1/100 ಅಥವಾ 1/50 ಇಟ್ಟರೆ ಹೋಗುತ್ತವೆ. ವೇದಿಕೆಯ ಹಿಂದಿನ ಎಲ್‌ಇಡಿ ವಾಲ್ ಮಿನುಗುವ ವೇಗವೇ ಬೇರೆ, ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಮೆಕ್ಯಾನಿಕಲ್ ಶಟರ್‌ಗೆ ಬಂದು, ಒಂದೆರಡು ಫೋಟೊ ಹೊಡೆದು, ಹಿಗ್ಗಿಸಿ ನೋಡಿಯೇ ಮುಂದುವರಿಯಿರಿ. ಕೊಂಡುಕುರಿಯ ಮುಂದೆ, ಪೂಜೆಯ ಹೊತ್ತಿನಲ್ಲಿ ಸೈಲೆಂಟ್ ನಿಜಕ್ಕೂ ಉಪಕಾರಿ.

ಐಎಸ್‌ಒಗೆ ಬಟನ್ ಬೇಡ, ಆಟೋಗೆ ಬಿಡಿ. ಆದರೆ ಕಡಿವಾಣ ಹಾಕಿ. ದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿಯ ನೆರಳಿನಿಂದ ಹೊರಬಂದರೆ ಬಂಡೆಯ ಮೇಲೆ ಉರಿಬಿಸಿಲು, ಪ್ರತಿಸಲ ಕೈಯಲ್ಲಿ ಬದಲಿಸುತ್ತ ಕೂರಲಾಗದು. ಅಪರ್ಚರ್ ಮೋಡ್, ಆಟೋ ಐಎಸ್‌ಒ, ಕನಿಷ್ಠ ಶಟರ್ 1/250, ಗರಿಷ್ಠ ಐಎಸ್‌ಒ 6400 ಇಟ್ಟರೆ ಓಡಾಡುವ ಜನಕ್ಕೆ ಸಾಕು. ಗರಿಷ್ಠಕ್ಕೆ ಮುಟ್ಟಿದರೂ ಬೆಳಕು ಸಾಲದಿದ್ದರೆ ಕ್ಯಾಮೆರಾ 1/250ಕ್ಕಿಂತ ಕೆಳಗೆ ಇಳಿಯುತ್ತದೆ. ಕಿಂಡಿಯ ಒಳಗಿನ ಫೋಟೊಗಳು ಅಲುಗಾಡಿದಂತೆ ಬರುವುದು ಇದರಿಂದಲೇ. ಹೆಬ್ಬೆರಳ ಡಯಲ್ ಎಕ್ಸ್‌ಪೋಶರ್ ಕಾಂಪನ್ಸೇಷನ್‌ಗೆ, ಅಂದರೆ ಫೋಟೊವನ್ನು ಸ್ವಲ್ಪ ಬೆಳ್ಳಗೆ ಇಲ್ಲವೇ ಕಪ್ಪಗೆ ಮಾಡಲು, ಇರಲಿ.

ಇನ್ನು ಸಣ್ಣಪುಟ್ಟವು. ವಿಡಿಯೊದ ಕೆಂಪು ಬಟನ್ ತಪ್ಪಿ ಒತ್ತಿಹೋಗಿ ಕಾರ್ಡ್ ತುಂಬುತ್ತದೆ, ಅದನ್ನು ಮೂವಿ ಮೋಡಿನಲ್ಲಿ ಮಾತ್ರ ಕೆಲಸ ಮಾಡುವಂತೆ ಇಡಿ. ಕ್ಯಾಮೆರಾ ಹೊಟ್ಟೆಯ ಹತ್ತಿರ ಹಿಡಿದಾಗ ಕಣ್ಣಿನ ಸೆನ್ಸರ್ ಅಂಗಿಯನ್ನೇ ಮುಖ ಎಂದುಕೊಂಡು ಪರದೆ ಆರಿಸಿಬಿಡುತ್ತದೆ, 'ಫೈಂಡರ್/ಮಾನಿಟರ್' ಬದಲಿಸಲು ಒಂದು ಬಟನ್ ಇದ್ದರೆ ಒಳ್ಳೆಯದು. ಎಡಗಣ್ಣಿನಲ್ಲಿ ನೋಡುವವರ ಮೂಗು ಪರದೆಗೆ ತಾಗಿ ಫೋಕಸ್ ಚುಕ್ಕೆ ಓಡುತ್ತದೆ, ಟಚ್‌ಪ್ಯಾಡನ್ನು ಆಫ್ ಮಾಡಿ.

ಎಲ್ಲ ಹೊಂದಿದ ಮೇಲೆ ಮದುವೆಗೆ ಒಂದು, ಹೊರಾಂಗಣಕ್ಕೆ ಒಂದು ಎಂದು ಕಸ್ಟಮ್ ಮೋಡ್‌ಗಳಲ್ಲಿ ನೋಂದಾಯಿಸಿ. ನಿಕಾನ್‌ನ ಹಲವು ಬಾಡಿಗಳಲ್ಲಿ ಅವು ಯು1, ಯು2, ಕ್ಯಾನನ್‌ನಲ್ಲಿ ಸಿ1, ಸಿ2. ಕೆಲಸದ ನಡುವೆ ಅಲ್ಲಿ ಮಾಡಿದ ಬದಲಾವಣೆ ಡಯಲ್ ತಿರುಗಿಸಿದ ಕೂಡಲೇ ಹೋಗಿಬಿಡುತ್ತದೆ, ಉಳಿಯಬೇಕೆಂದರೆ ಮತ್ತೆ ನೋಂದಾಯಿಸಬೇಕು. ಕ್ಯಾನನ್‌ನಲ್ಲಿ 'ಆಟೋ ಅಪ್‌ಡೇಟ್' ಆನ್ ಮಾಡಬಹುದು, ನನ್ನ ಸಲಹೆ ಬೇಡ ಎಂದೇ. ನಿನ್ನೆಯ ಛತ್ರಕ್ಕೆ ಮಾಡಿದ ಸರಿಪಡಿಕೆ ಇವತ್ತಿನ ಕೆಲಸಕ್ಕೆ ಅಂಟಿಕೊಂಡಿರುತ್ತದೆ.

ಕೊನೆಗೆ ಸೆಟ್ಟಿಂಗ್‌ಗಳನ್ನು ಮೆಮೊರಿ ಕಾರ್ಡಿಗೆ ಸೇವ್ ಮಾಡಿ, ಆ ಫೈಲನ್ನು ಕಂಪ್ಯೂಟರಿಗೆ ಹಾಕಿಡಿ. ಕಾರ್ಡ್ ಫಾರ್ಮ್ಯಾಟ್ ಮಾಡಿದರೆ ಅದೂ ಹೋಗುತ್ತದೆ. ಆ ಫೈಲ್ ಅದೇ ಮಾಡೆಲ್‌ಗೆ ಮಾತ್ರ ಕೂಡುತ್ತದೆ. ಎರಡನೆಯ ಬಾಡಿ ಬೇರೆ ಮಾಡೆಲ್ ಆಗಿದ್ದರೆ ಒಂದೊಂದನ್ನೂ ಕೈಯಿಂದಲೇ ಹಾಕಬೇಕು, ಫೋಕಸ್ ಬಟನ್ ಎರಡರಲ್ಲೂ ಒಂದೇ ಜಾಗದಲ್ಲಿರಲಿ.