ಆಫರ್ ಲೆಟರ್‌ನ ಷೇರು, ಕೈಗೆ ಸಿಗೋದೆಷ್ಟು?

ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ ಓದಿ ಅಮೆಜಾನ್, ವಾಲ್‌ಮಾರ್ಟ್, ಟಾರ್ಗೆಟ್‌ನ ಬೆಂಗಳೂರು ಕಚೇರಿ ಸೇರುವವರ ಆಫರ್ ಲೆಟರ್ ಊರಿಗೆ ಬಂದಾಗ ಮನೆಮಂದಿ ನೋಡುವುದು ಕೊನೆಯ ಮೊತ್ತವನ್ನು. ಅದರಲ್ಲಿ ಆರ್‌ಎಸ್‌ಯು, ಅಂದರೆ ಸಂಬಳದ ಭಾಗವಾಗಿ ಕಂಪನಿ ವರ್ಷವರ್ಷಕ್ಕೆ ಬಿಡಿಸಿ ಕೊಡುವ ಷೇರು, ಎಷ್ಟು, ಯಾವ ವರ್ಷ ಬರುತ್ತದೆ ಎಂದು ನೋಡದೆ ಮನೆ ಸಾಲದ ಕಂತು ಗೊತ್ತು ಮಾಡಬೇಡಿ.

ಅಮೆಜಾನ್‌ನ ಹಳೆಯ ಕ್ರಮ ನಾಲ್ಕು ವರ್ಷಕ್ಕೆ ಶೇ. 5, 15, 40, 40. 120 ಷೇರು ಮಂಜೂರಾದರೆ ಮೊದಲ ವರ್ಷ ಕೈಸೇರುವುದು ಬರೀ 6, ಎರಡನೇ ವರ್ಷ 18, ಆಮೇಲೆ 48, 48. ಎರಡು ವರ್ಷಕ್ಕೆ ಕೆಲಸ ಬಿಟ್ಟರೆ ಉಳಿದ 96 ಹೋದವೆಂದೇ ಲೆಕ್ಕ. ಬೇರೆ ಕಂಪನಿಗಳ ಕ್ರಮ ಬೇರೆ, ಷೇರು ಮಂಜೂರಾತಿಯ ಕರಾರು, ಅಂದರೆ ಗ್ರಾಂಟ್ ಅಗ್ರಿಮೆಂಟ್ ತೆಗೆದು ಓದಿ.

ಹೆಚ್ಚಿನವರು ಎಡವುವುದು ತೆರಿಗೆಯಲ್ಲಿ. ಕೂಲಿಯನ್ನು ತೊಗರಿಯಲ್ಲಿ ಕೊಟ್ಟರೆಂದುಕೊಳ್ಳಿ: ಚೀಲ ಕೈಗೆ ಬಂದ ದಿನದ ಎಪಿಎಂಸಿ ದರವೇ ನಿಮ್ಮ ಆದಾಯ, ಆಮೇಲೆ ದರ ಏರಿದರೂ ಇಳಿದರೂ ಅದು ಬೇರೆ ಲೆಕ್ಕ. ಷೇರೂ ಹಾಗೆಯೇ. ವೆಸ್ಟ್ ಆದ, ಅಂದರೆ ಷೇರು ನಿಮ್ಮ ಕೈಸೇರಿದ ದಿನದ ಪೂರ್ತಿ ಬೆಲೆ ಸಂಬಳಕ್ಕೆ ಸೇರುತ್ತದೆ, ನೀವು ಮಾರಿರಲಿ, ಬಿಡಲಿ.

48 ಷೇರು, ತಲಾ 200 ಡಾಲರ್, ಡಾಲರಿಗೆ 85 ರೂ. ಎಂದಿಟ್ಟುಕೊಳ್ಳಿ. ಒಟ್ಟು 8,16,000 ರೂ. ಶೇ. 30ರ ಸ್ಲ್ಯಾಬ್, ಸೆಸ್ ಸೇರಿ 31.2 ಎಂದರೆ ತೆರಿಗೆ 2,54,592 ರೂ. ಇದಕ್ಕಾಗಿ ಸಾಮಾನ್ಯವಾಗಿ 15 ಷೇರನ್ನು ಆಗಲೇ ಮಾರುತ್ತಾರೆ, ಖಾತೆಯಲ್ಲಿ ಉಳಿಯುವುದು 33. ಒಂದೊಂದರ ಖರೀದಿ ಬೆಲೆ 17,000 ರೂ. ಎಂದು ಬರೆದಿಟ್ಟುಕೊಳ್ಳಿ. ಇದನ್ನು ಸೊನ್ನೆ ಎಂದು ತೋರಿಸಿ ರಿಟರ್ನ್ ತುಂಬಿದರೆ ಒಂದೇ ಹಣಕ್ಕೆ ಎರಡು ಸಲ ತೆರಿಗೆ ಬೀಳುತ್ತದೆ. ಬೆಲೆ 180 ಡಾಲರಿಗೆ ಇಳಿದ ಮೇಲೆ ಮಾರಿದರೆ ನಷ್ಟ 56,100 ರೂ. ಆದರೆ ಅದನ್ನು ಸಂಬಳದಲ್ಲಿ ಕಳೆಯಲು ಬರುವುದಿಲ್ಲ. ಗಡುವಿನೊಳಗೆ ರಿಟರ್ನ್ ಹಾಕಿದ್ದರೆ ಮಾತ್ರ 8 ವರ್ಷ ಮುಂದಕ್ಕೆ ಒಯ್ಯಬಹುದು.

ಹಾಗಾದರೆ ಇಟ್ಟುಕೊಳ್ಳಬೇಕೋ ಮಾರಬೇಕೋ? ಅಷ್ಟೇ ಹಣ ನಗದಾಗಿ ಕೈಗೆ ಬಂದಿದ್ದರೆ ಇದೇ ಷೇರು ಕೊಳ್ಳುತ್ತಿದ್ದಿರಾ ಎಂದು ಕೇಳಿಕೊಳ್ಳಿ. ಇಲ್ಲವೆಂದಾದರೆ ಮಾರಿಬಿಡಿ. ಸಂಬಳ, ಉಳಿತಾಯ ಎರಡೂ ಒಂದೇ ಕಂಪನಿಯ ಮೇಲೆ ನಿಲ್ಲುವುದು ನನಗಂತೂ ಸರಿ ಕಾಣುವುದಿಲ್ಲ. ಅಮೆರಿಕದ ಷೇರಿನ ಲಾಭ ದೀರ್ಘಾವಧಿಯದ್ದು ಎನಿಸಿಕೊಳ್ಳಲು 24 ತಿಂಗಳು ದಾಟಬೇಕು, ಆಗ ತೆರಿಗೆ ಶೇ. 12.5. ಎಣಿಕೆ ಶುರುವಾಗುವುದು ಷೇರು ಕೈಸೇರಿದ ದಿನದಿಂದ, ಗ್ರಾಂಟ್ ಪತ್ರದ ದಿನಾಂಕದಿಂದಲ್ಲ.

ಶಿಕ್ಷಕರ, ಗುಮಾಸ್ತರ ಸರಳ ರಿಟರ್ನ್ ಫಾರ್ಮ್ ಐಟಿಆರ್-1 ತುಂಬಿ ರೂಢಿಯಾದ ಸಲಹೆಗಾರರ ಬಳಿ ಹೋದರೆ ಮೊದಲೇ ಹೇಳಿ: ವಿದೇಶಿ ಷೇರಿದ್ದವರಿಗೆ ಅದು ನಡೆಯುವುದಿಲ್ಲ, ವ್ಯಾಪಾರದ ಆದಾಯ ಇಲ್ಲದಿದ್ದರೆ ಐಟಿಆರ್-2. ಅದರಲ್ಲಿ ವಿದೇಶಿ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎಯಲ್ಲಿ ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ ಕೊಡಬೇಕು, ಏಪ್ರಿಲ್‌ನಿಂದಲ್ಲ. ನಡುವೆ ಮಾರಿ ಮುಗಿಸಿದ ಷೇರೂ ಅಲ್ಲಿರಬೇಕು. ಬಿಟ್ಟರೆ 10 ಲಕ್ಷ ರೂ. ದಂಡ ಬೀಳಬಹುದು. ಆದರೆ ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿ 20 ಲಕ್ಷ ದಾಟದಿದ್ದರೆ 2024ರ ಅಕ್ಟೋಬರ್‌ನಿಂದ ಈ ದಂಡವಿಲ್ಲ, ತೋರಿಸುವ ಕೆಲಸ ಮಾತ್ರ ತಪ್ಪಿಲ್ಲ.

ವಾಲ್‌ಮಾರ್ಟ್ ಷೇರುದಾರರಿಗೆ ಡಿವಿಡೆಂಡ್ (ಲಾಭಾಂಶ) ಕೊಡುತ್ತದೆ. ನೀವು ಅಮೆರಿಕದವರಲ್ಲ ಎಂದು ತಿಳಿಸುವ ಡಬ್ಲ್ಯೂ-8ಬೆನ್ ಫಾರ್ಮ್ ಬ್ರೋಕರ್ ಬಳಿ ಇದ್ದರೆ ಅಮೆರಿಕದಲ್ಲಿ ತೆರಿಗೆ ಕಡಿತ ಶೇ. 25, ಇಲ್ಲದಿದ್ದರೆ 30. ಕಡಿತವಾದದ್ದನ್ನು ಇಲ್ಲಿನ ತೆರಿಗೆಯಲ್ಲಿ ಕಳೆದುಕೊಳ್ಳಬೇಕೆಂದರೆ (ಕ್ರೆಡಿಟ್) ಫಾರ್ಮ್ 67 ಹಾಕಬೇಕು.

ಇನ್ನೊಂದು ಮಾತು, ಮನೆಯಲ್ಲಿ ಯಾರೂ ಎತ್ತದ್ದು. ಷೇರುದಾರ ತೀರಿಕೊಂಡರೆ ಅಮೆರಿಕದಲ್ಲಿರುವ ಆಸ್ತಿ 60,000 ಡಾಲರ್ ದಾಟಿದ್ದಲ್ಲಿ ಅಲ್ಲಿನ ಎಸ್ಟೇಟ್ ಟ್ಯಾಕ್ಸ್, ಅಂದರೆ ತೀರಿಕೊಂಡವರ ಆಸ್ತಿಯ ಮೇಲಿನ ತೆರಿಗೆ, ಶೇ. 40ರವರೆಗೂ ಹೋಗಬಹುದು. ಬ್ರೋಕರ್ ಯಾರು, ಖಾತೆ ಯಾವುದು ಎಂಬುದಾದರೂ ಹೆಂಡತಿಗೋ ಗಂಡನಿಗೋ ಗೊತ್ತಿರಲಿ.