ಮೇಷ್ಟ್ರು ಕಲಿಸಿದ ಒಗುಂಡೆ

ನಮ್ಮ ರಂಗಶಾಲೆಯ ಪಠ್ಯಪಟ್ಟಿಯಲ್ಲಿ ನೈಜೀರಿಯಾ ಎಂಬ ದೇಶವೇ ಇರಲಿಲ್ಲ. ಗ್ರೀಕರಿಂದ ಹೊರಟು ಶೇಕ್ಸ್‌ಪಿಯರ್, ಇಬ್ಸೆನ್, ಬ್ರೆಕ್ಟ್ ಎಂದು ಇಳಿದು ಬರುವ ಆ ಪಟ್ಟಿಯನ್ನು ಮೇಷ್ಟ್ರು ವರ್ಷವರ್ಷವೂ ಮುಗಿಸುತ್ತಿದ್ದರು. ಆದರೆ ಹಳೆಯ ವಿದ್ಯಾರ್ಥಿಗಳನ್ನು ಯಾರನ್ನೇ ಕೇಳಿ, ಅದರಲ್ಲಿ ಏನಿತ್ತೆಂದು ಸರಿಯಾಗಿ ಹೇಳಲಾರರು. ಎಲ್ಲರಿಗೂ ನೆನಪಿರುವುದು ನೈಜೀರಿಯಾದ ನಟ, ಸಂಚಾರಿ ನಾಟಕ ತಂಡದ ಯಜಮಾನ ಹ್ಯೂಬರ್ಟ್ ಒಗುಂಡೆ. ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ದಿನ ಬ್ಯಾಚುಗಳ ವಾಟ್ಸಾಪ್ ಗುಂಪಿನಲ್ಲಿ ಒಬ್ಬರಾದ ಮೇಲೊಬ್ಬರು ಬರೆದದ್ದು ಒಂದೇ ಸಾಲು: "ಲೈಟ್ ಬಿಲ್ ಯಾರು ಕಟ್ಟಿದ್ರು?" ಯಾವ ನಟನ ಪಾಠಕ್ಕೂ ಅವರ ಮೊದಲ ಪ್ರಶ್ನೆ ಅದು. ಕರಿಹಲಗೆಯ ಮೇಲೆ ಮೂರು ಗೆರೆ ಎಳೆದು, ಎಲ್ಲಿ ಆಡಿದರು, ದುಡ್ಡು ಎಲ್ಲಿಂದ ಬಂತು, ಏನು ಕೆಟ್ಟಿತು ಎಂದು ತಲೆಬರಹ ಬರೆಯುತ್ತಿದ್ದರು. ಅಭಿನಯದ ಮಾತು ಆಮೇಲೆ.

ಒಗುಂಡೆಯ ಮೊದಲ ಸಾಲುಗಳು ಹೀಗೆ ತುಂಬುತ್ತಿದ್ದವು. 1916ರಲ್ಲಿ ಹುಟ್ಟು, ಇಜೆಬು-ಓಡೆ ಹತ್ತಿರದ ಒಸೋಸಾ ಎಂಬ ಊರು. ಮನೆಯಲ್ಲಿ ಒಂದು ಕಡೆ ಚರ್ಚು, ಇನ್ನೊಂದು ಕಡೆ ಒಗುಂಡೆ ಹುಟ್ಟಿದ ಯೊರುಬಾ ಜನಾಂಗದ ಇಫಾ ಎಂಬ ಕಣಿ ಪದ್ಧತಿಯ ಪೌರೋಹಿತ್ಯ. ಓದು ಮುಗಿದ ಮೇಲೆ ಶಾಲಾಮಾಸ್ತರಿಕೆ, ಜೊತೆಗೆ ಚರ್ಚಿನ ಆರ್ಗನ್ ನುಡಿಸುವ ಕೆಲಸ. 1941ರಲ್ಲಿ ಪೊಲೀಸ್ ಇಲಾಖೆ. 1944ರಲ್ಲಿ ಲಾಗೋಸಿನ ಗ್ಲೋವರ್ ಮೆಮೋರಿಯಲ್ ಹಾಲಿನಲ್ಲಿ ಚರ್ಚೊಂದರ ಸಹಾಯಾರ್ಥವಾಗಿ ಮೊದಲ ಗೀತನಾಟಕ, ಏಡನ್ ತೋಟದ ಕಥೆ. ಮರುವರ್ಷ ಪೊಲೀಸ್ ಕೆಲಸಕ್ಕೆ ರಾಜೀನಾಮೆ ಕೊಟ್ಟು 'ಆಫ್ರಿಕನ್ ಮ್ಯೂಸಿಕ್ ರಿಸರ್ಚ್ ಪಾರ್ಟಿ' ಎಂಬ ತಂಡ ಕಟ್ಟಿದರು. ನೈಜೀರಿಯಾದ ಆಧುನಿಕ ವೃತ್ತಿರಂಗಭೂಮಿಯ ಲೆಕ್ಕ ಶುರುವಾಗುವುದು ಇಲ್ಲಿಂದಲೇ. ಚರ್ಚಿಗಾಗಿ ಆಡಿದಾಗ ಹಾಲಿನ ಬಾಡಿಗೆ, ಟಿಕೆಟು ಮಾರುವ ಜನ, ನೋಡುವ ಜನ ಎಲ್ಲವನ್ನೂ ಚರ್ಚೇ ಒದಗಿಸಿತ್ತು. ಸ್ವಂತ ತಂಡ ಎಂದ ಮೇಲೆ ಮೂರನ್ನೂ ತಾನೇ ಹುಡುಕಬೇಕು. ಒಗುಂಡೆಯ ಮುಂದಿನ 45 ವರ್ಷಗಳು ಈ ಹುಡುಕಾಟವೇ ಎಂದು ಮೇಷ್ಟ್ರು ಹೇಳುತ್ತಿದ್ದರು.

ಮೊದಲು ಸಿಗದೆ ಹೋದವರು ನಟಿಯರು. ನಾಟಕಕ್ಕೆ ಮಗಳನ್ನು ಕಳಿಸುವ ಮನೆ ಅಲ್ಲಿಯೂ ಇರಲಿಲ್ಲ. ನಟಿಯರು ಬೇಕೆಂದರೆ ಯಾರೂ ಬಾರದ್ದರಿಂದ ಒಗುಂಡೆ ಮಹಿಳಾ ಗುಮಾಸ್ತರು ಬೇಕಾಗಿದ್ದಾರೆಂದು ಪತ್ರಿಕೆಗೆ ಜಾಹೀರಾತು ಕೊಟ್ಟರು. ಹುಡುಗಿಯರು ಬಂದರು. ಕೆಲಸ ಯಾವುದೆಂದು ತಿಳಿದಾಗ ಹೆತ್ತವರು ಸಿಟ್ಟಾದರು. ಕಡೆಗೆ ಒಗುಂಡೆ ಹಿಡಿದ ದಾರಿ ನಟಿಯರನ್ನೇ ಮದುವೆಯಾಗುವುದು. ಕಾಲಕ್ರಮದಲ್ಲಿ ಹತ್ತಕ್ಕೂ ಹೆಚ್ಚು ಪತ್ನಿಯರು, ಅವರ ಮಕ್ಕಳು, ಎಲ್ಲರೂ ತಂಡದವರೇ.

ಈ ಪಾಠ ಕೇಳಿದ ನಮ್ಮ ಮೇಲಿನ ಬ್ಯಾಚಿನ ಇಬ್ಬರು ಊರಿನ ಬಸ್‌ಸ್ಟ್ಯಾಂಡಿನಲ್ಲಿ ಅಂಥದೇ ಒಂದು ಚೀಟಿ ಅಂಟಿಸಿ ಬಂದರು. ಮಹಿಳಾ ಗುಮಾಸ್ತರು ಬೇಕು, ರಂಗಶಾಲೆಯ ಕಚೇರಿಯಲ್ಲಿ ವಿಚಾರಿಸಿ ಎಂದು. ಎರಡೇ ದಿನದಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಹಿಡಿದ ಹುಡುಗಿಯರು, ಅವರ ಹಿಂದೆ ಅಪ್ಪಂದಿರು, ಕಚೇರಿಯ ಜಗಲಿ ತುಂಬಿತು. ಮೇಷ್ಟ್ರು ಪ್ರತಿಯೊಬ್ಬರನ್ನೂ ಕೂರಿಸಿ, ಕಾಫಿ ಕೊಡಿಸಿ, ಕ್ಷಮೆ ಕೇಳಿ, ಬಸ್ ಚಾರ್ಜನ್ನು ಕೈಯಿಂದ ಕೊಟ್ಟು ಕಳಿಸಿದರು. ಆ ಇಬ್ಬರಿಗೆ ಬೈಗುಳವಿಲ್ಲ. ಬಂದವರ ಹೆಸರು, ಊರು, ಹೋಗಿಬರುವ ಬಸ್ ಚಾರ್ಜು, ಅಪ್ಪಂದಿರಿಗೆ ತಪ್ಪಿಹೋದ ಅರ್ಧ ದಿನದ ಕೂಲಿ, ಎಲ್ಲವನ್ನೂ ಕೂಡಿಸಿ ತರಗತಿಯಲ್ಲಿ ಓದಲು ಹೇಳಿದರು. "ಜಾಹೀರಾತು ಸುಳ್ಳಾದ್ರೆ ದುಡ್ಡು ತೆತ್ತೋರು ಯಾರು ಅನ್ನೋದು ಈಗ ಗೊತ್ತಾಯ್ತಲ್ಲ, ಒಗುಂಡೆ ಪಾಠ ಪೂರ್ತಿ ಆಯ್ತು" ಎಂದರು.

ಒಗುಂಡೆಯ ಆ ಮದುವೆಗಳನ್ನು ಕುರಿತು ತರಗತಿಯಲ್ಲಿ ಜಗಳವೇ ಆಗುತ್ತಿತ್ತು. ಹುಡುಗಿಯರು ಒಪ್ಪುತ್ತಿರಲಿಲ್ಲ, ಮೇಷ್ಟ್ರೂ ಅವರನ್ನು ಒಪ್ಪಿಸಲು ಹೋಗುತ್ತಿರಲಿಲ್ಲ. "ಕಲೆಗೋಸ್ಕರ ಅಂತ ಸಮರ್ಥನೆ ಬೇಡ. ಸಂಬಳ ಯಾರ ಹೆಸರಲ್ಲಿ ಬರ್ತಿತ್ತು, ಅದನ್ನ ಕೇಳಿ" ಎನ್ನುತ್ತಿದ್ದರು. ಅವರು ತೋರಿಸುತ್ತಿದ್ದ ಕಾರಣ ಬೇರೆ. ಯೊರುಬಾ ಸಂಚಾರಿ ತಂಡಗಳಲ್ಲಿ ಹಾಡುಗಳು ಗಟ್ಟಿ, ಮಾತುಗಳು ಬಹುಪಾಲು ಬಾಯಲ್ಲೇ ಬೆಳೆಯುವಂಥವು. ಯಜಮಾನ ಕಥೆಯ ಎಳೆ ಹೇಳುತ್ತಾನೆ, ನಟರು ತಾಲೀಮಿನಲ್ಲಿಯೂ ಆಟದಲ್ಲಿಯೂ ಮಾತು ತುಂಬುತ್ತಾರೆ. ಇಂಥ ತಂಡದಿಂದ ಪಳಗಿದ ನಟಿಯೊಬ್ಬಳು ಹೊರಟರೆ ಅವಳ ಜೊತೆ ಪಾತ್ರದ ಮಾತೂ ಹೊರಟುಹೋಗುತ್ತದೆ, ಬರೆದಿಟ್ಟ ಪ್ರತಿ ಇಲ್ಲ. ತಂಡವೇ ಮನೆಯಾದರೆ ಮಾತು ಮನೆಯಲ್ಲೇ ಉಳಿಯುತ್ತದೆ. ಇದು ಮೇಷ್ಟ್ರ ವ್ಯಾಖ್ಯಾನ. ಇಷ್ಟು ಕಾಲದ ಮೇಲೂ ಇದಕ್ಕಿಂತ ಒಳ್ಳೆಯ ವಿವರಣೆ ಸಿಕ್ಕಿಲ್ಲ.

ಆಟದ ಕಟ್ಟು ಹೀಗಿತ್ತು. ಮೊದಲಿಗೆ 'ಓಪನಿಂಗ್ ಗ್ಲೀ', ಅಂದರೆ ಹಾಡು-ಕುಣಿತ. ಆಮೇಲೆ ನಾಟಕ. ಕಡೆಗೆ ಮತ್ತೊಂದು ಗ್ಲೀ. ಯಕ್ಷಗಾನದ ಪೂರ್ವರಂಗ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ: ತಡವಾಗಿ ಬಂದವರು ಕೂರುವವರೆಗೆ ಕಥೆ ಶುರುವಾಗಬಾರದು. ಒಗುಂಡೆ ಇದಕ್ಕೆ ಸ್ಯಾಕ್ಸೊಫೋನ್ ತಂದರು. ಹಗಲು ತಂಡದ ವ್ಯಾನು ಲೌಡ್‌ಸ್ಪೀಕರ್ ಕಟ್ಟಿಕೊಂಡು ಊರು ಸುತ್ತುವುದು, ರಾತ್ರಿ ಟೌನ್‌ಹಾಲಿನಲ್ಲೋ ಶಾಲೆಯ ಹಾಲಿನಲ್ಲೋ ಆಟ, ಬೆಳಗಾದರೆ ಮುಂದಿನ ಊರು. ಇಂಥ ತಂಡಗಳು ರಂಗದ ಮೇಲೆ ಹಗ್ಗಕ್ಕೆ ಮೈಕು ಇಳಿಬಿಡುತ್ತಿದ್ದವು. ಮಾತಾಡುವ ನಟ ಮೈಕಿನ ಕೆಳಗೆ ಬರಬೇಕು, ಮುಗಿಸಿದವನು ಸರಿದು ಜಾಗ ಬಿಡಬೇಕು. ಆ ನಟರ ನಿಲುವು, ಹೆಜ್ಜೆ, ಎದುರಾಳಿಯ ಮುಖ ನೋಡದೆ ಪ್ರೇಕ್ಷಕರತ್ತ ಎಸೆಯುವ ಮಾತು, ಇವನ್ನೆಲ್ಲ ಶೈಲಿ ಎನ್ನುವ ಮುಂಚೆ ಮೈಕು ಎಲ್ಲಿ ತೂಗುತ್ತಿತ್ತೆಂದು ನೋಡಿ ಎಂಬುದು ಮೇಷ್ಟ್ರ ಪಾಠ.

ಮೂರನೆಯ ಗೆರೆಯ ಕೆಳಗೆ ಹೆಚ್ಚು ತುಂಬುತ್ತಿದ್ದದ್ದು ಸರ್ಕಾರಗಳು. 1945ರಲ್ಲಿ ನೈಜೀರಿಯಾದ ಕೆಲಸಗಾರರು ಸಾರ್ವತ್ರಿಕ ಮುಷ್ಕರ ಹೂಡಿದರು, 40ಕ್ಕೂ ಹೆಚ್ಚು ದಿನ ನಡೆಯಿತು. ಅದನ್ನೇ ಕಥೆಯಾಗಿಸಿ ಒಗುಂಡೆ 'ಸ್ಟ್ರೈಕ್ ಅಂಡ್ ಹಂಗರ್' ಆಡಿದರು. ಜೋಸ್ ನಗರದಲ್ಲಿ ಬ್ರಿಟಿಷ್ ಅಧಿಕಾರಿಗಳು ಆಟ ತಡೆದು ದಂಡ ಹಾಕಿದರು. 1949ರ ನವೆಂಬರ್ 18ರಂದು ಎನುಗು ಹತ್ತಿರದ ಇವಾ ಕಣಿವೆಯ ಕಲ್ಲಿದ್ದಲ ಗಣಿಯಲ್ಲಿ ಪೊಲೀಸರ ಗುಂಡಿಗೆ 21 ಕಾರ್ಮಿಕರು ಸತ್ತರು. ಒಂದು ಕಾಲಕ್ಕೆ ತಾನೇ ಪೊಲೀಸನಾಗಿದ್ದ ಮನುಷ್ಯ ಮರುವರ್ಷ 'ಬ್ರೆಡ್ ಅಂಡ್ ಬುಲೆಟ್' ಆಡಿದ. ಕಾನೋದಲ್ಲಿ ಅದಕ್ಕೂ ತಡೆ.

ಸ್ವಾತಂತ್ರ್ಯ ಬಂದ ಮೇಲಿನ ಹೊಡೆತ ಇನ್ನೂ ದೊಡ್ಡದು. 1964ರ 'ಯೊರುಬಾ ರೋನು' ನಾಟಕ ಯೊರುಬಾ ನಾಯಕರ ಒಳಜಗಳವನ್ನು ನೇರ ಮುಟ್ಟಿತು. ಅಕಿಂಟೋಲಾ ಮುಖ್ಯಸ್ಥರಾಗಿದ್ದ ಪಶ್ಚಿಮ ಪ್ರಾಂತ್ಯದ ಸರ್ಕಾರ ಇಡೀ ತಂಡವನ್ನೇ ಪ್ರಾಂತ್ಯದಿಂದ ನಿಷೇಧಿಸಿತು. ಒಂದು ನಾಟಕ ನಿಂತರೆ ಇನ್ನೊಂದು ಆಡಬಹುದು, ತಂಡವೇ ನಿಂತರೆ? ಮೇಷ್ಟ್ರು ನಕ್ಷೆ ಬಿಡಿಸುತ್ತಿದ್ದರು. ಯೊರುಬಾ ಮಾತಾಡುವ ಊರುಗಳು ಬಹುಪಾಲು ಆ ಪ್ರಾಂತ್ಯದೊಳಗೆ, ಲಾಗೋಸ್ ಮಾತ್ರ ಆಗ ಫೆಡರಲ್ ಪ್ರದೇಶ, ಪ್ರಾಂತ್ಯದ ಆದೇಶ ಅಲ್ಲಿಗೆ ತಾಕದು. ಉಳಿದ ಊರುಗಳಿಗೆ ಕೊಟ್ಟ ಮುಂಗಡ, ನಿಂತ ಗಲ್ಲಾ, ನಿಲ್ಲದ ಸಂಬಳ, ಊಟ, ವ್ಯಾನಿನ ಖರ್ಚು. 1966ರ ಜನವರಿಯ ಸೈನಿಕ ಕ್ರಾಂತಿಯಲ್ಲಿ ಅಕಿಂಟೋಲಾ ಹತರಾದ ಮೇಲೆ, ಹೊಸ ಸೈನಿಕ ಆಡಳಿತ ನಿಷೇಧ ತೆಗೆಯಿತು. ಆ ನಡುವಿನ ಕಾಲದಲ್ಲಿಯೂ ಒಗುಂಡೆ ತಂಡ ಮುಚ್ಚಲಿಲ್ಲ. 'ಸತ್ಯ ಕಹಿ' ಎಂಬ ಅರ್ಥದ ಹೆಸರಿಟ್ಟು ಇನ್ನೊಂದು ನಾಟಕ ಕಟ್ಟಿದರು. ಇದನ್ನು ಹೇಳುವಾಗ ಮೇಷ್ಟ್ರ ದನಿ ಏರುತ್ತಿತ್ತು.

ಸಿನಿಮಾದ ಭಾಗ ಬಂದಾಗ ಪಾಠ ಪ್ರೊಜೆಕ್ಟರ್ ಕೋಣೆಗೆ ಹೋಗುತ್ತಿತ್ತು. ಅಲ್ಲಿನ ಮೇಷ್ಟ್ರು ನಮ್ಮ ಪ್ರೊಜೆಕ್ಟರ್ ಅಣ್ಣ. ಹಾಜರಿ ಪುಸ್ತಕದಲ್ಲಿ ಅವರು ಸಹಾಯಕ ಸಿಬ್ಬಂದಿ. ಆದರೆ ರೀಲು ಮುಟ್ಟಿ ಕಲಿತ ಯಾರಿಗೇ ಆಗಲಿ ಅವರು ಗುರುಗಳು.

ಒಗುಂಡೆ ಸಿನಿಮಾಕ್ಕೆ ಬಂದದ್ದು ಅರವತ್ತು ದಾಟಿದ ಮೇಲೆ. ಪ್ಯಾರಿಸ್ಸಿನಲ್ಲಿ ಕಲಿತು ಬಂದ ಓಲಾ ಬಲೊಗುನ್ 1976ರಲ್ಲಿ 'ಅಜಾನಿ ಒಗುನ್' ಮಾಡಿ ಯೊರುಬಾ ಭಾಷೆಯ ಚಿತ್ರಕ್ಕೆ ಜನ ಮುಗಿಬೀಳುತ್ತಾರೆಂದು ತೋರಿಸಿದ್ದರು. 1979ರಲ್ಲಿ ಒಗುಂಡೆ ತನ್ನ ನಾಟಕ 'ಅಯೆ'ಯನ್ನು ಅದೇ ನಿರ್ದೇಶಕರ ಕೈಯಲ್ಲಿ ಚಿತ್ರವಾಗಿಸಿದರು. ಊರನ್ನು ಕಾಡುವ ಮಾಟಗಾತಿಯರ ವಿರುದ್ಧ ನಿಲ್ಲುವ ಪುರೋಹಿತ ಒಸೆತುರಾನ ಪಾತ್ರ ಅವರದೇ. 1980ರಲ್ಲಿ 'ಜೈಯೆಸಿಮಿ', 1982ರಲ್ಲಿ 'ಅರೋಪಿನ್ ಎನ್‌ತೆನಿಯ', 1988ರಲ್ಲಿ 'ಅಯಾನ್ಮೋ'. ಹುಟ್ಟೂರು ಒಸೋಸಾದಲ್ಲೇ ಚಿತ್ರಗ್ರಾಮ ಕಟ್ಟಿಸಿದರು. ಒಸೆತುರಾ ತೆರೆಗೆ ಬಂದೊಡನೆ ಜನ ನಂಬಿದರೆಂದರೆ ಅದು ಒಂದು ಚಿತ್ರದ ಅಭಿನಯವಲ್ಲ. ಅದೇ ಊರುಗಳಲ್ಲಿ ಮೂರು ದಶಕಗಳಿಂದ ಅದೇ ಮುಖ, ಅದೇ ದನಿ ಕಂಡ ಜನ ಅವರು. ಪ್ರಚಾರದ ವ್ಯಾನು ಹಾಕಿಕೊಟ್ಟ ದಾರಿಯಲ್ಲೇ ಚಿತ್ರವೂ ನಡೆಯಿತು. ಊರಿನ ಚಿತ್ರಗಳನ್ನು ಹಂಚುವ ವ್ಯವಸ್ಥೆ ಇರಲಿಲ್ಲ. ಥಿಯೇಟರುಗಳಲ್ಲಿ ಅಮೆರಿಕದ, ಹಾಂಗ್‌ಕಾಂಗಿನ, ನಮ್ಮ ಹಿಂದಿ ಚಿತ್ರಗಳೇ ತುಂಬಿದ್ದವು. ಹಾಗಾಗಿ ಯೊರುಬಾ ನಿರ್ಮಾಪಕರು ಪ್ರಿಂಟನ್ನು ಬೇರೆಯವರ ಕೈಗೆ ಕೊಡದೆ ತಾವೇ ಹೊತ್ತು ಊರೂರು ತಿರುಗಿದರು.

ಆ ತಂಡಗಳ ಬಹುಪಾಲು ಚಿತ್ರಗಳು 16 ಮಿಲಿಮೀಟರಿನವು. ಪ್ರೊಜೆಕ್ಟರ್ ಅಣ್ಣನ ಲೆಕ್ಕ: ಅಡಿಗೆ 40 ಫ್ರೇಮು, ಸೆಕೆಂಡಿಗೆ 24, ಅಂದರೆ ನಿಮಿಷಕ್ಕೆ 36 ಅಡಿ. 400 ಅಡಿಯ ರೋಲು 11 ನಿಮಿಷಕ್ಕೆ ಮುಗಿಯುತ್ತದೆ. ಎರಡು ಗಂಟೆಯ ಚಿತ್ರಕ್ಕೆ 4,320 ಅಡಿ. ಮೂರು ಪಟ್ಟು ಶೂಟ್ ಮಾಡಿದರೂ 12,960 ಅಡಿ ಕಚ್ಚಾ ಫಿಲ್ಮು. ಅದನ್ನು ತೊಳೆಸಲು ವಿದೇಶಕ್ಕೆ, ಹೆಚ್ಚಾಗಿ ಲಂಡನ್ನಿಗೆ, ಕಳಿಸಬೇಕು. ತಿದ್ದಿ ಶೂಟ್ ಮಾಡುವುದಕ್ಕೆ ಅಲ್ಲಿಂದ ಸುದ್ದಿ ಬರುವವರೆಗೆ ಕಾಯಬೇಕು. ನೂರಾರು ರಾತ್ರಿ ಅದೇ ಪಾತ್ರ ಆಡಿದ ನಟರಿದ್ದರೆ ಟೇಕು ಕಡಿಮೆ, ಫಿಲ್ಮು ಉಳಿತಾಯ. ರಂಗದಿಂದ ಬಂದ ತಂಡಕ್ಕಿದ್ದ ದೊಡ್ಡ ಬಂಡವಾಳ ಇದು.

ಪ್ರದರ್ಶನದಲ್ಲಿ ಕೆಡುವುದೇನು? 16 ಮಿಲಿಮೀಟರಿನಲ್ಲಿ ಚಿತ್ರಕ್ಕೂ ಅದರ ದನಿಗೂ 26 ಫ್ರೇಮಿನ ಅಂತರ, ದನಿ ಮುಂದಿರುತ್ತದೆ. ಗೇಟಿನ, ಅಂದರೆ ಫಿಲ್ಮಿನ ಮೇಲೆ ಬೆಳಕು ಬೀಳುವ ಕಿಂಡಿಯ, ಕೆಳಗೆ ಫಿಲ್ಮು ಸಡಿಲವಾಗಿ ಬಾಗಿರುವ ಲೂಪು ಚಿಕ್ಕದಾದರೂ ದೊಡ್ಡದಾದರೂ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಅಂಚಿನ ತೂತು ಹರಿದರೆ ಲೂಪು ಹಾರುತ್ತದೆ, ಫಿಲ್ಮು ಗೇಟಿನಲ್ಲಿ ನಿಂತರೆ ಲ್ಯಾಂಪಿನ ಬಿಸಿಗೆ ಫ್ರೇಮು ಗುಳ್ಳೆಯೇಳುತ್ತದೆ. ಕರೆಂಟಿಲ್ಲದ ಊರಿನಲ್ಲಿ ಜನರೇಟರಿನ ವೇಗ ಕುಸಿದರೆ ಮೋಟಾರು ನಿಧಾನ, ನಾಯಕನ ದನಿ ದಪ್ಪಗಾಗಿ ಎಳೆಯುತ್ತದೆ, ಹಾಡಿನ ಶ್ರುತಿ ಇಳಿಯುತ್ತದೆ. ಅಣ್ಣ ಬೇಕೆಂದೇ ಲೂಪು ಕೆಡಿಸಿ, "ಎಲ್ಲಿ ತಪ್ಪಿದೆ ಹೇಳ್ರಪ್ಪಾ" ಎನ್ನುತ್ತಿದ್ದರು. ಕಣ್ಣು ಮುಚ್ಚಿ ದನಿಯಿಂದಲೇ ಹೇಳುವಷ್ಟು ನಮ್ಮ ಬ್ಯಾಚು ಪಳಗಿತ್ತು. ನಮ್ಮವರು ಕಟ್ಟಿದ ತಂಡಗಳು ಇವತ್ತಿಗೂ ಸಾಲವಿಲ್ಲದೆ ತಿರುಗಾಟ ಮಾಡುತ್ತಿದ್ದರೆ ಅದರ ಹಿಂದೆ ಈ ಕೋಣೆಯಿದೆ. ಹೆಮ್ಮೆಯಿಂದಲೇ ಹೇಳುತ್ತೇನೆ.

1986ರಲ್ಲಿ ನೈಜೀರಿಯಾ ಆರ್ಥಿಕ ಹೊಂದಾಣಿಕೆಯ ಕಾರ್ಯಕ್ರಮಕ್ಕೆ ಇಳಿದಾಗ ಅಲ್ಲಿನ ನಾಣ್ಯ ನೈರಾದ ಬೆಲೆ ಬಿತ್ತು. ಫಿಲ್ಮು, ಲ್ಯಾಬು ಎಲ್ಲದಕ್ಕೂ ವಿದೇಶಿ ಹಣವೇ ಬೇಕಾದ್ದರಿಂದ ಸೆಲ್ಯುಲಾಯ್ಡ್ ಕೈಗೆಟುಕದಾಯಿತು. ರಂಗದ ತಂಡಗಳು ವಿಡಿಯೊ ಕ್ಯಾಮೆರಾ ಹಿಡಿದವು. 1992ರ 'ಲಿವಿಂಗ್ ಇನ್ ಬಾಂಡೇಜ್' ಕ್ಯಾಸೆಟ್ಟಿನೊಂದಿಗೆ ನಾಲಿವುಡ್ ಎಂಬ ನೈಜೀರಿಯಾದ ಚಿತ್ರೋದ್ಯಮ ಹೆಸರು ಮಾಡುವ ಮೊದಲೇ ಈ ದಾರಿ ತೆರೆದಿತ್ತು. ಒಗುಂಡೆ ನಾಲಿವುಡ್ಡಿನ ಕಾಲ ನೋಡಲಿಲ್ಲ. ಬ್ರೂಸ್ ಬೆರೆಸ್‌ಫರ್ಡ್ ನಿರ್ದೇಶನದ 'ಮಿಸ್ಟರ್ ಜಾನ್ಸನ್' ಅವರ ಕಡೆಯ ಚಿತ್ರ. ಚಿತ್ರೀಕರಣ ನಡೆದದ್ದು ಜೋಸ್ ಸೀಮೆಯಲ್ಲಿ, ಒಂದು ಕಾಲಕ್ಕೆ ದಂಡ ಕಟ್ಟಿಸಿಕೊಂಡ ಊರಿನ ಹತ್ತಿರ. 1990ರ ಏಪ್ರಿಲ್ 4ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಈಗಿನ ಅಭಿನಯ ಶಾಲೆಗಳಲ್ಲಿ ಒಳ್ಳೆಯ ಕ್ಯಾಮೆರಾ ಇದೆ, ಮಾನಿಟರ್ ಇದೆ, ಹೊರಬರುವ ಪ್ರತಿ ಹುಡುಗನ ಕೈಯಲ್ಲಿ ಎರಡು ನಿಮಿಷದ ಶೋರೀಲ್ ಇದೆ. ಅದು ಬೇಡವೆನ್ನುವುದಿಲ್ಲ. ಆದರೆ ಹಾಲಿನ ಬಾಡಿಗೆ ಎಷ್ಟು, ತುಂಬದಿದ್ದರೆ ಸಂಬಳ ಎಲ್ಲಿಂದ, ಪರವಾನಗಿ ತಪ್ಪಿದರೆ ಮುಂದಿನ ಊರು ಯಾವುದು ಎಂದು ಕೇಳಿದರೆ ಮಕ್ಕಳು ಮುಖ ನೋಡುತ್ತಾರೆ. ಅವರನ್ನು ಅನ್ನುವಂತಿಲ್ಲ, ಯಾರೂ ಹೇಳಿಕೊಟ್ಟಿಲ್ಲ. ಆಫ್ರಿಕಾದ ಒಬ್ಬ ನಟನಿಗೆ ಅಷ್ಟು ತರಗತಿ ಯಾಕೆಂದು ಆಗ ಕೇಳಿದವರೂ ಇದ್ದರು. ಮೇಷ್ಟ್ರು ಉತ್ತರ ಕೊಡದೆ ಗೆರೆ ಎಳೆಯುತ್ತಿದ್ದರು.

ಮೇಷ್ಟ್ರ ಈ ಪಾಠಗಳನ್ನು ಪುಸ್ತಕ ಮಾಡುವ ಕೆಲಸ ಹಳೆಯ ವಿದ್ಯಾರ್ಥಿ ಸಂಘದಿಂದ ಶುರುವಾಗಿದೆ. ಅವರ ಕೈಬರಹದ ಟಿಪ್ಪಣಿಗಳನ್ನು ಮನೆಯವರು ಸಂತೋಷದಿಂದ ಕೊಟ್ಟಿದ್ದಾರೆ. ಪ್ರೊಜೆಕ್ಟರ್ ಅಣ್ಣ ತಮ್ಮ ಭಾಗವನ್ನು ಬಾಯಲ್ಲೇ ಹೇಳಿ ಬರೆಸುತ್ತಿದ್ದಾರೆ. ನೈಜೀರಿಯಾದ ಅಂತರ್ಯುದ್ಧದ (1967-70) ಕಾಲದಿಂದ 'ಅಯೆ'ಯವರೆಗಿನ ತಿರುಗಾಟದ ಪುಟಗಳು ಮಾತ್ರ ಕಟ್ಟಿನಲ್ಲಿಲ್ಲ. ಆ ತರಗತಿಗಳ ನೋಟ್ಸು ಯಾವ ಬ್ಯಾಚಿನವರ ಬಳಿ ಇದ್ದರೂ ಶಾಲೆಯ ಕಚೇರಿಗೆ ಒಂದು ಜೆರಾಕ್ಸ್ ಕಳಿಸಿಕೊಡಿ.