ಗಾಡಿ ವಾಪಸ್ ಕೊಡಬೇಕೇನ?

ಬೆಳಗಾವಿ, 19 ಫೆಬ್ರುವರಿ 2023, ರವಿವಾರ ರಾತ್ರಿ

ಶಿವರಾತ್ರಿ ಉಪವಾಸ ನಿನ್ನೆಗೆ ಮುಗಿಯಿತು, ಸಾಬೂದಾನಿ ಖಿಚಡಿ ಮಾತ್ರ ಇವತ್ತೂ ಮುಗಿಯಲಿಲ್ಲ. ಬೆಳಿಗ್ಗೆ ಎಂಟಕ್ಕೆ ಅದನ್ನೇ ಬಿಸಿ ಮಾಡಿಕೊಂಡು ಕೂತಿದ್ದೆವು, ಕ್ಯಾಲಿಫೋರ್ನಿಯಾದಿಂದ ತಮ್ಮನ ವಿಡಿಯೊ ಕಾಲ್ ಬಂತು. ಅಲ್ಲಿ ಇನ್ನೂ ಶನಿವಾರ ಸಂಜೆ, ಅವರ ಶಿವರಾತ್ರಿ ಆಗಷ್ಟೇ ಶುರು. ಗೆಳೆಯರೊಬ್ಬರ ಮನೆಯಲ್ಲಿ ನಮ್ಮ ಕಡೆಯವರು ಹತ್ತು ಹನ್ನೆರಡು ಮಂದಿ ಸೇರಿದ್ದರು. ಪೂಜೆ, ಭಜನೆ, ಬೆಳತನಕ ಜಾಗರಣೆ.

ಅಪ್ಪ ಪೇಪರಿನಲ್ಲಿ ಟೆಸ್ಲಾ ಸುದ್ದಿ ಓದಿಕೊಂಡೇ ಕೂತಿದ್ದರು. ಕ್ಷೇಮಸಮಾಚಾರ ಕೇಳುವಷ್ಟೂ ಪುರುಸೊತ್ತಿಲ್ಲ.

"ಏ ತಮ್ಮಾ, ನಿನ್ನ ಗಾಡಿ ವಾಪಸ್ ಕೊಡಬೇಕೇನ?"

ಆ ಕಡೆ ಇಡೀ ಕೋಣೆ ನಕ್ಕಿತು.

ಸುದ್ದಿ ಇಷ್ಟು. ಮೊನ್ನೆ ಗುರುವಾರ, ಟೆಸ್ಲಾ ಕಂಪನಿ 3,62,758 ಕಾರುಗಳಿಗೆ ರಿಕಾಲ್, ಅಂದರೆ ತಪ್ಪು ತಿದ್ದಲಿಕ್ಕೆ ವಾಪಸ್ ಕರೆ, ಹೊರಡಿಸಿದೆ. ಕಾರನ್ನು ತಾನೇ ಓಡಿಸುವ, ಇನ್ನೂ ಪರೀಕ್ಷೆಯಲ್ಲಿದ್ದ 'ಫುಲ್ ಸೆಲ್ಫ್ ಡ್ರೈವಿಂಗ್ ಬೀಟಾ' ಅನ್ನುವ ಸಾಫ್ಟ್‌ವೇರ್ ಇರುವ ಕಾರುಗಳು ಇವು. ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಇದರಲ್ಲಿ ತಪ್ಪಿದೆ, ರಿಕಾಲ್ ಮಾಡಿ ಅಂತ ಜನವರಿ ಕೊನೆಯಲ್ಲೇ ಕಂಪನಿಗೆ ತಿಳಿಸಿತ್ತಂತೆ. ನಿಮ್ಮ ಮಾತು ನಾವು ಒಪ್ಪುವುದಿಲ್ಲ, ಆದರೂ ಜಾಗ್ರತೆಗೆ ಅಂತ ರಿಕಾಲ್ ಮಾಡುತ್ತೇವೆ ಅಂತ ಕಂಪನಿ ಕಾಗದದಲ್ಲಿ ಬರೆದುಕೊಟ್ಟಿದೆ. ಗಾಯ, ಸಾವು ಯಾವುದೂ ತನ್ನ ಗಮನಕ್ಕೆ ಬಂದಿಲ್ಲ ಅಂತಲೂ ಹೇಳಿದೆ. ರಿಪೇರಿಗೆ ಗ್ಯಾರೇಜಿಗೆ ಹೋಗಬೇಕಾಗಿಲ್ಲ. ಕಾರು ನಿಂತಲ್ಲೇ ಹೊಸ ಸಾಫ್ಟ್‌ವೇರ್ ಬಂದು ಕೂಡುತ್ತದೆ.

"ರಿಕಾಲ್ ಅಲ್ಲಪಾ ಅದು, ಅಪ್‌ಡೇಟ್," ಅಂದ ತಮ್ಮ. "ಫೋನಿಗೆ ಬರೂದಿಲ್ಲೇನ, ಹಂಗ." ಕಂಪನಿಯ ಯಜಮಾನ ಇಲಾನ್ ಮಸ್ಕ್ ಕೂಡ ಗುರುವಾರವೇ ಟ್ವಿಟರಿನಲ್ಲಿ ಇದೇ ರಾಗ ಹಾಡಿದ್ದ. ಗಾಳಿಯಲ್ಲಿ ಬರುವ ಅಪ್‌ಡೇಟಿಗೆ ರಿಕಾಲ್ ಅನ್ನುವುದು ಹಳೇ ಕಾಲದ ಮಾತು, ಶುದ್ಧ ತಪ್ಪು ಅಂತ.

"ಹಂಗಾದ್ರ ತಪ್ಪು ಏನಿತ್ತು?" ಅಪ್ಪ ಬಿಡುವವರಲ್ಲ. ಮೂವತ್ತೊಂದು ವರ್ಷ ಸರಕಾರಿ ಬಸ್ಸು ಹೊಡೆದವರು. ಕೆಎಸ್ಆರ್‌ಟಿಸಿಯಲ್ಲಿ ಸೇರಿ, 1997ರಲ್ಲಿ ವಾಯವ್ಯ ಸಾರಿಗೆ ಬೇರೆಯಾದ ಮೇಲೆ ಅದರಲ್ಲಿ ನಿವೃತ್ತರಾದರು.

ತಮ್ಮ ಅಳೆದು ತೂಗಿ ಹೇಳಿದ. ತಿರುಗಲಿಕ್ಕೆಂದೇ ಇರುವ ಲೇನಿನಲ್ಲಿ ನಿಂತು ಕ್ರಾಸಿನಲ್ಲಿ ನೆಟ್ಟಗೆ ಹೋಗಿಬಿಡಬಹುದು. ಸ್ಟಾಪ್ ಫಲಕದ ಮುಂದೆ ಪೂರ್ತಿ ನಿಲ್ಲದೆ ಸರಿದುಹೋಗಬಹುದು. ಹಳದಿ ದೀಪಕ್ಕೆ ಸಾಕಷ್ಟು ಜಾಗ್ರತೆ ಮಾಡದೆ ನುಗ್ಗಬಹುದು. ಸ್ಪೀಡ್ ಲಿಮಿಟ್ ಕಡಿಮೆಯಾದ ಕಡೆ ಬೇಗ ವೇಗ ಇಳಿಸದೇ ಇರಬಹುದು.

ಅಪ್ಪ ಒಂದು ಗಳಿಗೆ ಸುಮ್ಮನಿದ್ದು, "ಇದನ್ನ ಯಾರು ಕಲಿಸ್ಯಾರ ಅದಕ್ಕ? ನಮ್ಮ ಚನ್ನಮ್ಮ ಸರ್ಕಲ್‌ನಾಗ ಟ್ರೇನಿಂಗ್ ಕೊಟ್ಟಾರೇನ?" ಅಂದರು. ಮತ್ತೆ ನಗು.

ಆದರೆ ನಗು ಎಲ್ಲರದೂ ಒಂದೇ ನಮೂನೆ ಇರಲಿಲ್ಲ. ಆ ಕೋಣೆಯಲ್ಲಿ ಇದೇ ಸಾಫ್ಟ್‌ವೇರ್ ಇಟ್ಟುಕೊಂಡವರು ಮೂವರಿದ್ದರು, ಮೂವರದೂ ಮೂರು ದಾರಿ. ಹುಬ್ಬಳ್ಳಿಯವರೊಬ್ಬರು ಫೋನ್ ತಮ್ಮ ಕಡೆ ತಿರುಗಿಸಿಕೊಂಡರು. ಅವರ ಸಿಟ್ಟು ತಪ್ಪಿನ ಮೇಲಲ್ಲ, ತಿದ್ದುವುದರ ಮೇಲೆ. ಹೋದ ವರ್ಷದ ಸುರುವಿನಲ್ಲೂ 53,822 ಕಾರುಗಳ ಒಂದು ರಿಕಾಲ್ ಆಗಿತ್ತು. ಸ್ಟಾಪ್ ಫಲಕ ಇದ್ದಲ್ಲಿ ಸುತ್ತಮುತ್ತ ಯಾರೂ ಕಾಣದಿದ್ದರೆ ಗಂಟೆಗೆ 5.6 ಮೈಲಿ, ಅಂದರೆ ಸುಮಾರು 9 ಕಿಲೋಮೀಟರ್ ವೇಗದಲ್ಲಿ ಉರುಳಿಕೊಂಡೇ ದಾಟಲು ಕಾರಿಗೆ ಪರವಾನಗಿ ಇತ್ತು. ಅದು ಬಗ್ ಅಲ್ಲ, ಕಂಪನಿಯೇ ಬೇಕಂತಲೇ ಇಟ್ಟ ಸವಲತ್ತು. ಅದನ್ನು ತೆಗೆದ ಮೇಲೆ ಇವರ ಕಾರು ಗೆರೆಗಿಂತ ಹಿಂದೆಯೇ ನಿಂತು, ಬಸವನಹುಳುವಿನ ಹಾಗೆ ಮುಂದೆ ಸರಿದು, ಮತ್ತೆ ನಿಂತು ನೋಡತೊಡಗಿತಂತೆ.

"ಹಿಂದಿನವರು ಹಾರ್ನ್ ಹೊಡಿಯೂದು ನನಗರೀ ಅಣ್ಣಾರ, ಗಾಡಿಗಲ್ಲ. ಈಗ ಮತ್ತೊಂದಿಷ್ಟು ಅಂಜುಬುರುಕ ಮಾಡತಾರ ಇದನ್ನ."

ಧಾರವಾಡದ ಹೆಣ್ಣುಮಗಳೊಬ್ಬರು ಕೈಯಲ್ಲಿ ಬಿಲ್ವಪತ್ರೆಯ ತಟ್ಟೆ ಹಿಡಿದುಕೊಂಡೇ ಮಾತಾಡಿದರು. ಅವರ ಲೆಕ್ಕ ರೊಕ್ಕದ್ದು. 2023ರ ಸುರುವಿನಲ್ಲಿ ಈ ಸಾಫ್ಟ್‌ವೇರಿಗೆ ಅಮೆರಿಕದಲ್ಲಿ 15,000 ಡಾಲರ್ ಇತ್ತು. ನಮ್ಮ ರೂಪಾಯಿಯಲ್ಲಿ ಹನ್ನೆರಡು ಲಕ್ಷದ ಮೇಲೆ, ಇಲ್ಲಿ ಅಷ್ಟಕ್ಕೆ ಒಂದು ಒಳ್ಳೇ ಕಾರೇ ಬರುತ್ತದೆ. "ಅಷ್ಟು ಕೊಟ್ಟು, ಸ್ಟೀರಿಂಗ್ ಮ್ಯಾಲಿಂದ ಕೈ ತಗೀದಂಗ ಕೂತು, ಅದರ ತಪ್ಪು ನಾವ ಹಿಡೀಬೇಕು. ಪರೀಕ್ಷಾ ಬರಿಯೂದು ಅದು, ಫೀ ಕಟ್ಟೂದು ನಾವು. ಮಗಳು ಹಿಂದ ಕೂತಿದ್ರ ನಾನು ಹಚ್ಚೂದs ಇಲ್ಲ ನೋಡ್ರಿ," ಅಂದರು. ಅಲ್ಲೇ ಕೂತಿದ್ದ ಗಂಡ ಏನೂ ಮಾತಾಡಲಿಲ್ಲ. ಕೊಂಡವನು ಅವನೇ ಇರಬೇಕು.

ಪರೀಕ್ಷೆ ಅಂದಾಗ ನೆನಪಾಯಿತು. ಮೊದಮೊದಲು ಈ ಬೀಟಾ ಸಿಗಬೇಕಾದರೆ ಓನರ್‌ಗಳೇ ಪಾಸಾಗಬೇಕಿತ್ತು. ಜೋರಾಗಿ ಬ್ರೇಕ್ ಒತ್ತಿದರೆ, ಮುಂದಿನ ಗಾಡಿಗೆ ಹತ್ತಿರ ಹೋದರೆ ಕಾರು ಮಾರ್ಕ್ಸ್ ಕಳೆಯುತ್ತಿತ್ತು, ಸೇಫ್ಟಿ ಸ್ಕೋರ್ ಅಂತ. 2021ರ ಕೊನೆಗೆ ತಮ್ಮ ಎರಡು ತಿಂಗಳು ಎಸ್ಸೆಸ್ಸೆಲ್ಸಿ ಹುಡುಗನ ಹಾಗೆ ಗಾಡಿ ಹೊಡೆದಿದ್ದ. ಹೆಂಡತಿಗೆ ಕೀಲಿ ಕೊಡುತ್ತಿರಲಿಲ್ಲ, ಅವಳು ಸ್ಕೋರ್ ಕೆಡಿಸುತ್ತಾಳೆ ಅಂತ. ಹೋದ ನವೆಂಬರಿನಲ್ಲಿ ಆ ಕಟ್ಟಳೆಯನ್ನೇ ತೆಗೆದುಹಾಕಿ, ರೊಕ್ಕ ಕೊಟ್ಟವರಿಗೆಲ್ಲ ಬೀಟಾ ಕೊಟ್ಟುಬಿಟ್ಟರು. ಅವತ್ತು ಅವನಿಗಾದ ಸಂಕಟ ಈ ರಿಕಾಲಿಗೆ ಆಗಿಲ್ಲ.

ಕಾಲ್ ಮುಗಿದ ಮೇಲೆ ನಾನು ಆ ರಿಕಾಲ್ ಕಾಗದವನ್ನೇ ಹುಡುಕಿ ತೆಗೆದು ಓದಿದೆ. ಕ್ವಾಲಿಟಿಯವನ ಚಟ. ಉದ್ಯಮಬಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಕಾಸ್ಟಿಂಗ್, ಅಂದರೆ ಎರಕದ ತುಣುಕುಗಳ, ಪರೀಕ್ಷೆ ಮಾಡಿಕೊಂಡು ಬಂದವನಿಗೆ ರಿಜೆಕ್ಷನ್ ಕಾಗದ ಅಂದರೆ ಜಾತಕ ಇದ್ದ ಹಾಗೆ, ಯಾರದಿದ್ದರೂ ಓದಬೇಕು ಅನಿಸುತ್ತದೆ. ಒಂದು ಕಡೆ ಕಣ್ಣು ನಿಂತಿತು. ದೋಷ ಇರುವ ಗಾಡಿಗಳ ಅಂದಾಜು ಪ್ರಮಾಣ ಎಷ್ಟು ಅನ್ನುವ ಕಡೆ, ಶೇಕಡಾ 100.

ನಮ್ಮಲ್ಲಿ ನೂರಕ್ಕೆ ನೂರು ಅಂತ ಯಾರೂ ಬರೆದುಕೊಡುವುದಿಲ್ಲ. ಹಲವು ವರ್ಷದ ಹಿಂದೆ ನಮ್ಮ ಒಂದು ಲಾಟ್ ಪಂಪ್ ಬಾಡಿ ಪುಣೆಯ ಗಿರಾಕಿಯ ಕಡೆಯಿಂದ ವಾಪಸ್ ಬಂದಿತ್ತು, ಒಳಗೆ ಬ್ಲೋ ಹೋಲ್, ಗಾಳಿ ಸಿಕ್ಕಿಬಿದ್ದು ಆಗುವ ತೂತು. ಟೆಂಪೊ ಗೇಟಿನೊಳಗೆ ಬಂದಾಗ ಸೆಕ್ಯುರಿಟಿಯವನಿಂದ ಹಿಡಿದು ಸಾಹುಕಾರರವರೆಗೆ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೂರು ದಿನ ಕೂತು ಸಾರ್ಟಿಂಗ್ ಮಾಡಿದೆವು. ಸಾವಿರದ ಮೇಲಿನ ತುಣುಕುಗಳಲ್ಲಿ ಕೆಟ್ಟದ್ದು ಮೂವತ್ತೇಳು. ಬ್ಲೋ ಹೋಲ್ ಸುರಿಯುವಾಗಿನ ತಪ್ಪು, ಒಂದಕ್ಕೆ ಬೀಳುತ್ತದೆ, ಪಕ್ಕದ್ದಕ್ಕೆ ಬೀಳುವುದಿಲ್ಲ. ಆದರೆ ಅಚ್ಚು ತೆಗೆಯುವ ಮೂಲ ಮಾದರಿ, ಪ್ಯಾಟರ್ನೇ ತಪ್ಪಿದ್ದರೆ? ಅದರಿಂದ ತೆಗೆದ ಪ್ರತಿ ತುಣುಕೂ ತಪ್ಪೇ. ಸಾರ್ಟಿಂಗ್ ಮಾಡಲಿಕ್ಕೆ ಏನೂ ಇರುವುದಿಲ್ಲ. ಸಾಫ್ಟ್‌ವೇರ್ ಅನ್ನುವುದು ಪ್ಯಾಟರ್ನ್. ಮೂರು ಲಕ್ಷ ಅರವತ್ತೆರಡು ಸಾವಿರ ಕಾರುಗಳಲ್ಲಿ ಇರುವುದು ಒಂದೇ ತಪ್ಪು. ಹಾಗೆಯೇ ಒಂದು ರಾತ್ರಿ ಪ್ಯಾಟರ್ನ್ ತಿದ್ದಿದರೆ ಅಷ್ಟೂ ಸರಿಯಾಗುತ್ತವೆ. ನಮಗೆ ಆ ಭಾಗ್ಯ ಎಲ್ಲಿಂದ ಬರಬೇಕು, ಗಿರಾಕಿ ರೊಕ್ಕ ಕಡಿದ ಡೆಬಿಟ್ ನೋಟ್ ಬರುತ್ತದೆ ಅಷ್ಟೆ.

ತಮ್ಮನ ಸಮಾಧಾನ ಅಲ್ಲೇ ಎಡವುತ್ತದೆ ಅನಿಸಿತು ನನಗೆ. ತಿದ್ದುವುದು ಸುಲಭ ಅಂದಮಾತ್ರಕ್ಕೆ ತಪ್ಪು ಸಣ್ಣದಾಗಲಿಲ್ಲ. ಟೆಂಪೊ ಬರಲಿಲ್ಲ, ಗೇಟ್ ತೆರೆಯಲಿಲ್ಲ, ಯಾರೂ ತಲೆ ತಗ್ಗಿಸಲಿಲ್ಲ. ಹಾಗಾಗಿ ಏನೂ ಆಗಿಲ್ಲ ಅನಿಸುತ್ತದೆ. ಅಂದಹಾಗೆ, ಗಾಳಿಯಲ್ಲಿ ಬರುವ ಈ ರಿಪೇರಿಗೂ ಓನರ್‌ಗಳಿಗೆ ಟಪಾಲಿನಲ್ಲಿ ಕಾಗದ ಹೋಗಲೇಬೇಕಂತೆ, ಏಪ್ರಿಲ್ 15ರ ಹೊತ್ತಿಗೆ. ಇದನ್ನು ಕೇಳಿ ಅಪ್ಪನಿಗೆ ಬಹಳ ಖುಷಿಯಾಯಿತು.

ಮಧ್ಯಾಹ್ನ ಪಕ್ಕದ ಮನೆಯವರು ಕುಂದಾ ಕೊಡಲಿಕ್ಕೆ ಬಂದಿದ್ದರು. ಅವರಿಗೂ ಈ ವಿಷಯ ಹೇಳಿದೆ. ಅವರದೂ ಒಂದು ಕಥೆ ಇದೆ, ಇವತ್ತೇ ಬಾಯಿಬಿಟ್ಟರು. ಹೋದ ವರ್ಷ ಅವರ ಹೊಸ ಕಾರಿನ ಫ್ಯೂಯೆಲ್ ಪಂಪಿಗೆ ರಿಕಾಲ್ ಬಂದಿತ್ತಂತೆ. ಪಾರ್ಟ್ ಬಂದಿಲ್ಲ ಅಂತ ಸರ್ವಿಸ್ ಸೆಂಟರಿನವರು ನಾಲ್ಕು ದಿನ ಇಟ್ಟುಕೊಂಡರು. ಓಣಿಯಲ್ಲಿ ಕೇಳಿದವರಿಗೆಲ್ಲ ಇವರು ಹೇಳಿದ್ದು 'ಸರ್ವಿಸಿಂಗಿಗೆ ಬಿಟ್ಟೀನಿ' ಅಂತ. "ರಿಕಾಲ್ ಅಂದ್ರ ಡಬ್ಬಾ ಗಾಡಿ ತಗೊಂಡಾನ ಅಂತಾರ್ರೀ ಮಂದಿ," ಅಂದರು. ನಮ್ಮ ದೇಶದಲ್ಲೂ 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 110ಎ ಅಂತ ಕಲಮು ಸೇರಿ, 2021ರ ಏಪ್ರಿಲ್‌ನಿಂದ ಸರಕಾರವೇ ರಿಕಾಲಿಗೆ ಆದೇಶ ಕೊಡಬಹುದು. ಕಾನೂನು ಬಂತು, ನಾಚಿಕೆ ಹೋಗಿಲ್ಲ. ಅಲ್ಲಿ ತಮ್ಮ ಅಪ್‌ಡೇಟ್ ಅನ್ನುತ್ತಾನೆ, ಇಲ್ಲಿ ಇವರು ಸರ್ವಿಸಿಂಗ್ ಅನ್ನುತ್ತಾರೆ. ಕೊಂಡವನು ಕಂಪನಿಯ ಮರ್ಯಾದೆ ಯಾಕೆ ಕಾಯಬೇಕೋ.

ಸಂಜೆ ಅಪ್ಪನನ್ನು ಕೂರಿಸಿಕೊಂಡು ಟಿಳಕವಾಡಿಗೆ ಹೋಗಿದ್ದೆ, ಕಾಯಿಪಲ್ಲೆಗೆ. ಎರಡನೇ ರೈಲ್ವೆ ಗೇಟ್ ಹಾಕಿತ್ತು. ಸ್ಕೂಟರಿನವರು ಬಾರ್ ಕೆಳಗೆ ತೂರಿ ದಾಟುತ್ತಿದ್ದರು. ಅಪ್ಪ ಅದನ್ನು ನೋಡುತ್ತ ಹಳೆಯ ಮಾತು ತೆಗೆದರು.

ಖಾನಾಪುರದ ಕಡೆ ಅವರಿಗೆ ರೂಟ್ ಇದ್ದಾಗ ದಾರಿಯಲ್ಲಿ ಕಾವಲಿಲ್ಲದ ಗೇಟ್ ಒಂದಿತ್ತು. ಬಸ್ಸನ್ನು ಪೂರ್ತಿ ನಿಲ್ಲಿಸಬೇಕು, ಕಂಡಕ್ಟರ್ ಇಳಿದು ಹಳಿಯ ತನಕ ನಡೆದುಹೋಗಿ, ಎರಡೂ ಕಡೆ ನೋಡಿ ಕೈ ಮಾಡಬೇಕು, ಆಮೇಲೆ ಬಸ್ಸು ದಾಟಬೇಕು. ಕಂಡಕ್ಟರ್ ಇಲ್ಲದ ಗಾಡಿಯಾದರೆ ಡ್ರೈವರೇ ಇಳಿಯಬೇಕು. ಇದು ಅಪ್ಪನ ಸ್ವಂತ ಕಟ್ಟುನಿಟ್ಟಲ್ಲ, ಮೋಟಾರು ವಾಹನ ಕಾಯಿದೆಯ 131ನೇ ಕಲಮು. ಆ ರೂಟಿನಲ್ಲಿ ದಿನಕ್ಕೆ ನಾಲ್ಕು ಟ್ರಿಪ್. ಒಬ್ಬ ಕಂಡಕ್ಟರಿಗೆ ಇಳಿಯಲು ಬೇಸರ. ಬಾಗಿಲಲ್ಲೇ ಜೋತುಬಿದ್ದು ಇಣುಕಿ, "ಏನಿಲ್ಲ, ರೈಟ್ ರೈಟ್" ಅನ್ನುತ್ತಿದ್ದನಂತೆ.

"ನೀನು ಏನ ಮಾಡತಿದ್ದಿ?" ಕೇಳಿದೆ.

"ಇಂಜಿನ್ ಬಂದ್ ಮಾಡತಿದ್ದೆ. ಅವ ಇಳದು ಹೋಗಿ ನೋಡಿ ಬಂದ ಮ್ಯಾಲ ಚಾಲೂ. ಮಂದಿ ಬೈತಿದ್ರು, ಸಂತೀಗೆ ಹೊತ್ತಾತು ಅಂತ." ಗೇಟಿನ ಕಡೆಯೇ ನೋಡುತ್ತ ಮುಂದುವರಿಸಿದರು. "ಹತ್ತು ವರ್ಷ ನೋಡಿದ್ರೂ ಅಲ್ಲೆ ರೈಲು ಕಂಡಿದ್ದು ಎರಡ ಸಲ. ಎರಡು ಸಲ ಅಷ್ಟs."

ಗೇಟ್ ತೆರೆಯಿತು. ಮುಂದೆ ಮೊದಲ ಕ್ರಾಸಿನಲ್ಲಿ ಬಲಕ್ಕೆ ಹೊರಳುವಾಗ ಎರಡನೇ ಗೇರಿನಲ್ಲೇ, ಬ್ರೇಕ್ ಮೇಲೆ ಬರೀ ಕಾಲಿಟ್ಟು ಉರುಳಿಸಿಕೊಂಡು ಹೋದೆ. ಸ್ಪೀಡೋಮೀಟರ್ ನೋಡಿದೆ, ಹತ್ತರ ಹತ್ತಿರ. ಅಪ್ಪ ಏನೂ ಅನ್ನಲಿಲ್ಲ, ಪಲ್ಲೆ ಚೀಲ ಮಾತ್ರ ಗಟ್ಟಿ ಹಿಡಿದುಕೊಂಡರು.

ಬೆಳಿಗ್ಗೆ ಕಾಲ್ ಇಡುವ ಮುಂಚೆ ಅಪ್ಪ ತಮ್ಮನಿಗೆ ಒಂದೇ ಮಾತು ಹೇಳಿದ್ದರು. "ರಾತ್ರಿಯೆಲ್ಲಾ ಎಚ್ಚರ ಇರತೀರಿ. ಬರುವಾಗ ನಿದ್ದಿಗಣ್ಣಾಗ ಅದನ್ನ ಹಚ್ಚಬ್ಯಾಡ." ತಮ್ಮ ಹ್ಞೂಂ ಅಂದಿದ್ದ, ನಾವೆಲ್ಲ ಚಿಕ್ಕಂದಿನಿಂದ ಅಪ್ಪನಿಗೆ ಅನ್ನುವ ಹ್ಞೂಂ. ಅದರಲ್ಲಿ ಒಪ್ಪಿದ್ದು ಎಷ್ಟು ಅಂತ ಅಪ್ಪನಿಗೂ ಗೊತ್ತು.

ಏಳು ಗಂಟೆಗೆ ಅವನ ಮೆಸೇಜ್ ಬಂತು. ಅಲ್ಲಿ ಆಗ ಬೆಳಗಿನ ಐದೂವರೆ. 'ಮನಿ ಮುಟ್ಟಿದ್ವಿ.'

ಅಪ್ಪನಿಗೆ ಓದಿ ಹೇಳಿದೆ.

"ಯಾರು ಹೊಡದ್ರು ಅಂತ ಕೇಳು."

ಟೈಪ್ ಮಾಡಿ ಕಳಿಸಿದೆ. ಎರಡು ನೀಲಿ ಗೆರೆ ಬಿದ್ದವು. ಈಗ ಹತ್ತೂವರೆ, ಇನ್ನೂ ಉತ್ತರ ಇಲ್ಲ. ಮಲಗಿರಬೇಕು ಅಂದೆ. ಅಪ್ಪ ಕಟ್ಟೆಯ ಮೇಲಿಂದ ಎದ್ದಿಲ್ಲ.